ರೊಟ್ಟಿಯ ಮೇಲೊಂದು ಮೆಣಸಿನಕಾಳು

ಮೋಡ ಕಂಡರೆ ಕೈಮುಗಿಯುವ ಜನ ನಾವು. ಅವತ್ತೊಂದು ದಿನ ಮಾತ್ರ ಮೋಡಕ್ಕೆ ಹೆದರಿ ಊರು ಬಿಟ್ಟು ಓಡಿದ್ದೆವು. 2004ರ ಜೂನ್ 8, ಮಂಗಳವಾರ. ಸೂರ್ಯನ ಮುಂದೆ ಶುಕ್ರಗ್ರಹ ಹಾಯುವ ದಿನ. ಹಿಂದೆ ಹಾಗಾದದ್ದು 1882ರಲ್ಲಿ.

ಚನ್ನಗಿರಿಯ ನನ್ನ ಸೋದರಮಾವ ನ್ಯಾಮತಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ನ್ಯಾಮತಿ ಆಗಿನ್ನೂ ತಾಲ್ಲೂಕಲ್ಲ, ಹೊನ್ನಾಳಿಗೇ ಸೇರಿತ್ತು. ಬೆಳಿಗ್ಗೆ ಎದ್ದರೆ ಮಲೆನಾಡಿನ ಕಡೆಯಿಂದ ಮೋಡ ಕವಿದು ಕೂತಿತ್ತು. ಚನ್ನಗಿರಿಗೆ ಫೋನ್ ಮಾಡಿದರೆ ಅಲ್ಲೂ ಅದೇ ಪಾಡು. "ಜಗಳೂರಿಗೆ ನಡಿ, ಅಲ್ಲಿ ಮೋಡಕ್ಕೇ ಬರ" ಅಂದರು ಮಾವ. ಸಣ್ಣ ದೂರದರ್ಶಕವನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಹೊನ್ನಾಳಿಯಲ್ಲೊಮ್ಮೆ, ದಾವಣಗೆರೆಯಲ್ಲೊಮ್ಮೆ ಬಸ್ ಬದಲಿಸಿ, ಜಗಳೂರಿನ ದೊಡ್ಡಜ್ಜಿಯ ಅಂಗಳ ಮುಟ್ಟುವಾಗ ಎರಡು ಗಂಟೆ. ಬಿಸಿಲು ರಣರಣ.

ಸೂರ್ಯನತ್ತ ಹಿಡಿದ ದೂರದರ್ಶಕಕ್ಕೆ ಕಣ್ಣಿಟ್ಟರೆ ಕಣ್ಣೇ ಹೋದೀತು. ಮಾವ ಹಿಂಬದಿಗೊಂದು ಬಿಳಿ ರಟ್ಟು ಹಿಡಿದರು. ಅಂಗೈಗಿಂತ ತುಸು ದೊಡ್ಡ ಬೆಳಕಿನ ರೊಟ್ಟಿ, ಅದರ ಮೇಲೊಂದು ಮೆಣಸಿನಕಾಳು.

"ಧೂಳು" ಅಂದೆ.

ಮಾವ ಬೈಯಲಿಲ್ಲ. ಪಂಚೆಯ ಚುಂಗಿನಿಂದ ಗಾಜು ಒರೆಸಿದರು. ಕಾಳು ಹೋಗಲಿಲ್ಲ. ಕಣ್ಣಿಡುವ ಕಡೆಯ ಗಾಜನ್ನು ಮೆಲ್ಲಗೆ ತಿರುಗಿಸು ಅಂದರು. ತಿರುಗಿಸಿದೆ. ಒರೆಸಿದ ಮೇಲೂ ಉಳಿದಿದ್ದ ಧೂಳಿನ ಚುಕ್ಕೆಗಳೆಲ್ಲ ಜೊತೆಗೇ ಸುತ್ತಿದವು. ಕಾಳು ಕೂತಲ್ಲೇ ಕೂತಿತ್ತು.

ದೊಡ್ಡಜ್ಜಿ ಬಗ್ಗಿ ನೋಡಿದಳು. "ಇದೇನೋ ತಮ್ಮಾ ನಮ್ಮ ಬೆಳ್ಳಿ? ನಸುಕಿನಾಗೆ ಅಷ್ಟು ಹೊಳಿಯೋದು, ಕರ್ರಗಾಗೈತಲ್ಲ?"

"ಬಿಸಿಲು ಅದರ ಆಚೆ ಮಗ್ಗಲಿಗೆ ಬಿದ್ದೈತಿ ದೊಡ್ಡವ್ವ, ನಮಗೀಗ ಬೆನ್ನು ಕಾಣ್ತೈತಿ. ನಸುಕಿನಾಗೆ ಹೊಳಿಯೋದು ಅದರ ಮೋಡ."

"ಮೋಡ ಐತಾ? ಹಂಗಾರೆ ಅಲ್ಲಿ ಮಳೆ?"

"ಗಂಧಕಾಮ್ಲದ ಮೋಡ ಅದು. ಹನಿ ಉದುರಿದರೂ ನೆಲ ಮುಟ್ಟೋದಿಲ್ಲ, ನಡುವೇ ಆವಿ. ಗಾಳಿಯೆಲ್ಲ ಇಂಗಾಲದ ಡೈಆಕ್ಸೈಡು. ಕಂಬಳಿ ಹೊದ್ದಂಗೆ ಕಾವು ಹಿಡಿದಿಟ್ಟು ನೆಲ 460 ಡಿಗ್ರಿ ಕಾದೈತಿ."

ಅಜ್ಜಿ ತಲೆಯೆತ್ತಿ ಜಗಳೂರಿನ ಬೋಳು ಆಕಾಶವನ್ನೊಮ್ಮೆ ನೋಡಿದಳು. "ನಮ್ಮೂರೇ ವಾಸಿ ಬಿಡು."

ಆ ಕಾಳು ಮುಚ್ಚಿದ್ದು ಸೂರ್ಯನ ಬೆಳಕಿನಲ್ಲಿ ಸುಮಾರು ಸಾವಿರದ ಒಂದು ಪಾಲು. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ಇಂಥ ಮಸುಕನ್ನೇ ಅಳೆದು ಬೇರೆ ನಕ್ಷತ್ರಗಳ ಸುತ್ತ ಎರಡು ಸಾವಿರಕ್ಕೂ ಹೆಚ್ಚು ಗ್ರಹ ಹಿಡಿಯಿತೆಂದು ಓದಿದಾಗ, ನನ್ನ ಕಣ್ಣಿಗೆ ಬಂದದ್ದು ಮಾವನ ಪಂಚೆಯ ಚುಂಗು.

ಐದಕ್ಕೆ ಹತ್ತು ನಿಮಿಷವಿದ್ದಾಗ ಕಾಳು ರೊಟ್ಟಿಯ ಅಂಚು ದಾಟಿತು. ರಾತ್ರಿ ಹೊನ್ನಾಳಿಯಲ್ಲಿ ಇಳಿದರೆ ಧೋ ಎಂದು ಮಳೆ. ಕಂಬಳಿ ದೂರದರ್ಶಕಕ್ಕೇ ಆಯಿತು, ನಾವಿಬ್ಬರೂ ತೊಪ್ಪೆ.