ಹಾಡು ಹೊತ್ತ ಭಾರ

ಅಮೃತಮಹಲ್ ರಾಸುಗಳ ಚರಿತ್ರೆಯನ್ನು ಅಜ್ಜಂಪುರದವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲುಬೆಣ್ಣೆಗಳನ್ನೊದಗಿಸಲೆಂದು ಸಾಕಿದ ಹಿಂಡು ‘ಬೆಣ್ಣೆ ಚಾವಡಿ’ ಎನಿಸಿಕೊಂಡಿತ್ತು. ಅದೇ ಹಿಂಡಿನ ಎತ್ತುಗಳು ಮುಂದೆ ಹೈದರಾಲಿಯ ದಂಡಿನಲ್ಲಿ ಫಿರಂಗಿಗಳನ್ನೆಳೆದುವು. ಟೀಪುವಿನ ಕಾಲಕ್ಕೆ ಹಿಂಡಿಗೆ ಈಗಿನ ಹೆಸರು ಬಂದಿತು. ಸಾಕಿದವರ ಉದ್ದೇಶವೊಂದು, ರಾಸು ಹೊತ್ತ ಭಾರ ಮತ್ತೊಂದು. ಹಾಡುಗಳ ವಿಷಯದಲ್ಲಿಯೂ ಹೀಗಾಗುವುದುಂಟು.

ಓದುಬರಹ ಬಲ್ಲ ಮನೆಗಳಲ್ಲಿ ಈಚೆಗೆ ಒಂದು ಸಣ್ಣ ವ್ಯಾಜ್ಯ ನಡೆಯುತ್ತಿದೆ. ಮೊಮ್ಮಗಳು ಮೊಬೈಲಿನಲ್ಲಿ ಕೊರಿಯಾ ದೇಶದ ಹುಡುಗಿಯರ ಮೇಳದ ಹಾಡನ್ನು ಕೇಳುತ್ತ ಕುಳಿತಿರುತ್ತಾಳೆ. “ಭಾಷೆ ತಿಳಿಯದು, ತಲೆಬುಡ ತಿಳಿಯದು, ಅದೇನು ಕೇಳುತ್ತೀಯೋ ಮಾರಾಯ್ತಿ!” ಎಂದು ಅಜ್ಜಿ ಗದರುತ್ತಾಳೆ. ಭಾಷೆಯ ಮಾತು ಹಾಗಿರಲಿ. ತೆಲುಗಿನ ಗಂಧವಿಲ್ಲದ ಎಷ್ಟೋ ಮಂದಿ ತ್ಯಾಗರಾಜರ ಕೃತಿಯನ್ನು ಕೇಳಿ ಕಣ್ಣೊರಸಿಕೊಂಡಿದ್ದಾರೆ. ಅಜ್ಜಿಯ ಆಕ್ಷೇಪದ ತಿರುಳು ಬೇರೆ: ವ್ಯಾಪಾರಕ್ಕೆಂದು ಹೊಸೆದ ಹಾಡಿನಲ್ಲಿ ಸತ್ತ್ವವೆಲ್ಲಿಂದ ಬಂದೀತು? ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ.

2007ರ ಆಗಸ್ಟಿನಲ್ಲಿ ‘ಗರ್ಲ್ಸ್ ಜನರೇಷನ್’ ಎಂಬ ಮೇಳದ ಮೊದಲ ಹಾಡು ಹೊರಬಂದಿತು. ಹಾಡಿದವರು ಒಂಬತ್ತು ಮಂದಿ. ಹದಿನಾರರಿಂದ ಹದಿನೆಂಟರ ಒಳಗಿನವರು. ಅವರನ್ನು ಆಯ್ದು ತರಬೇತು ಮಾಡಿದುದು ಒಂದು ವಾಣಿಜ್ಯ ಸಂಸ್ಥೆ. ‘ಇನ್‌ಟು ದ ನ್ಯೂ ವರ್ಲ್ಡ್’ ಎಂದು ಇಂಗ್ಲಿಷಿನಲ್ಲಿ ಕರೆಯುವ ಆ ಹಾಡಿನ ಕೊರಿಯನ್ ಹೆಸರಿಗೆ ‘ಮತ್ತೆ ಎದುರಾದ ಲೋಕ’ ಎಂದರ್ಥ. ಅರಿಯದ ದಾರಿಯಲ್ಲಿ ಜೊತೆಗಾರರೊಡನೆ ನಡೆಯುವ ಧೈರ್ಯವೇ ಅದರ ವಸ್ತು; ರಾಜಕೀಯದ ಸೋಂಕು ಅದರಲ್ಲಿಲ್ಲ.

ಒಂಬತ್ತು ವರ್ಷಗಳ ಬಳಿಕ, 2016ರ ಜುಲೈ 30ರಂದು, ಸಿಯೋಲ್ ನಗರದ ಇಹ್ವಾ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ತಮ್ಮನ್ನು ಕೇಳದೆ ತಂದ ಹೊಸ ಕಾಲೇಜಿನ ಯೋಜನೆಯನ್ನು ವಿರೋಧಿಸಿ ಮುಖ್ಯಕಟ್ಟಡದಲ್ಲಿ ಧರಣಿ ಕುಳಿತಿದ್ದರು. ಸುಮಾರು 1,600 ಮಂದಿ ಪೋಲೀಸರು ಆವರಣವನ್ನು ಹೊಕ್ಕರು. ತೋಳಿಗೆ ತೋಳು ಹೆಣೆದು ಕುಳಿತ ಆ ಹುಡುಗಿಯರ ಬಾಯಿಂದ ಹೊರಟುದು ಹಳೆಯ ಚಳವಳಿಗಳ ಗೀತೆಯಲ್ಲ, ಬಾಲ್ಯದಲ್ಲಿ ಕುಣಿದಾಡುತ್ತ ಕಲಿತ ಈ ಹಾಡು. ಪೋಲೀಸರು ಅದರಿಂದ ಹಿಮ್ಮೆಟ್ಟಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಯೋಜನೆ ಹಿಂತೆಗೆಯಲ್ಪಟ್ಟಿತು. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್ ಯೋಲ್ ಸೈನಿಕ ಶಾಸನವನ್ನು ಘೋಷಿಸಿದಾಗಲೂ, ಅದನ್ನು ವಿರೋಧಿಸಿ ಚಳಿಯಲ್ಲಿ ನೆರೆದ ಜನಸ್ತೋಮ, ಸಂಗೀತಸಭೆಗಳಲ್ಲಿ ಬೀಸುವ ಬಣ್ಣದ ದೀಪದ ಕೋಲುಗಳನ್ನು ಹಿಡಿದು, ಇದನ್ನೇ ಹಾಡಿತು. 2025ರ ಏಪ್ರಿಲ್ 4ರಂದು ಆತ ಪದಚ್ಯುತನಾದನು.

ಇದು ಪರದೇಶದ ವಿಚಿತ್ರವೆಂದು ಅಜ್ಜಿ ಹೇಳುವಂತಿಲ್ಲ. ಬೀಳಗಿಯ ಹೆಣ್ಣುಮಗಳು ಅಮೀರ್‌ಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರಕ್ಕಾಗಿ ಖಾನ್ ಮಸ್ತಾನರೊಡನೆ ಒಂದು ಹಾಡನ್ನು ಹಾಡಿದಳು. ರಚನೆ ಕವಿ ಪ್ರದೀಪರದು, ಸಂಗೀತ ಅನಿಲ್ ಬಿಸ್ವಾಸರದು. ಪರಕೀಯರು ದೂರ ಸರಿಯಲೆಂಬುದು ಅದರ ಕೂಗು. ಜರ್ಮನಿ ಜಪಾನುಗಳ ಹೆಸರನ್ನು ಹೇಳಿದ್ದರಿಂದ ಸರ್ಕಾರದ ಕತ್ತರಿಯಿಂದ ಪಾರಾಯಿತು. ಆದರೆ ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಮರುವರ್ಷ ಅದನ್ನು ಕೇಳಿದ ಜನಕ್ಕೆ ಪರಕೀಯರು ಯಾರೆಂದು ಹೇಳಿಕೊಡಬೇಕಾಗಿರಲಿಲ್ಲ. ಅದೂ ಟಿಕೀಟಿನ ಹಣಕ್ಕಾಗಿ ತೆಗೆದ ಚಿತ್ರದ ಹಾಡೇ. ಇಲ್ಲಿ ಕವಿಗೆ ಗೂಢವಾದ ಉದ್ದೇಶವಿದ್ದಿತು, ಕೊರಿಯಾದ ಹಾಡಿಗೆ ಅದೂ ಇರಲಿಲ್ಲ; ಎರಡಕ್ಕೂ ಬಲವನ್ನು ತುಂಬಿದವರು ಮಾತ್ರ ಕೇಳಿದ ಜನರೇ.

ಹೀಗೆಂದು ಪೇಟೆಯ ಹಾಡುಗಳೆಲ್ಲವೂ ಹೊನ್ನೆನ್ನಲಾಗದು. ನೂರರಲ್ಲಿ ತೊಂಬತ್ತೊಂಬತ್ತು ಒಂದು ಸುಗ್ಗಿಯನ್ನೂ ಕಾಣದೆ ಒಣಗುತ್ತವೆ. ಅಷ್ಟರ ಮಟ್ಟಿಗೆ ಅಜ್ಜಿಯ ಮಾತು ಸತ್ಯ. ಆದರೆ ಉಳಿಯುವುದಾವುದೆಂಬುದನ್ನು ಮಾರಿದವನೂ ಅರಿಯನು, ಹಳಿದವನೂ ಅರಿಯನು. ಕಷ್ಟಕಾಲದಲ್ಲಿ ಬಾಯಿಗೆ ತಾನಾಗಿ ಬರುವ ಹಾಡು ಯಾವುದೋ ಅದೇ ಉಳಿಯುತ್ತದೆ. ಅದು ಬಹುಮಟ್ಟಿಗೆ ಎಳವೆಯಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಕಲಿತ ಹಾಡಾಗಿರುತ್ತದೆ.

ಗದರುವ ಮುನ್ನ, “ಇದನ್ನು ಯಾವ ಹೊತ್ತಿನಲ್ಲಿ ಹಾಡಿಕೊಳ್ಳುತ್ತೀಯೆ?” ಎಂದು ಅಜ್ಜಿ ಒಮ್ಮೆ ಕೇಳಿದರೆ, ಮನೆಯವರಾರೂ ಅರಿಯದ ಆ ಹುಡುಗಿಯ ಭಾರವೊಂದು ತಿಳಿದುಬಂದೀತು.