ಪೆಟ್ಟಿಗೆಯೊಳಗಿನ ದೆವ್ವದ ಬಂಗಲೆ

ಶಿಕಾಗೊ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ವಿವೇಕಾನಂದರ 1893ರ ಭಾಷಣ ನೆನಪಾಗುತ್ತದೆ. ನಾಣ್ಯ ಹಾಕಿ ಆಡುವ ಯಂತ್ರಗಳಿಗೂ ಆ ನಗರ ತವರು. ಅದರ ಹೊರವಲಯದ ಮಿಡ್‌ವೇ ಕಂಪನಿ 1972ರಲ್ಲಿ ‘ಹಾಂಟೆಡ್ ಹೌಸ್’ ಎಂಬ ಬಂದೂಕಿನ ಆಟವನ್ನು ತಯಾರಿಸಿತು. ನಾಣ್ಯ ಹಾಕಿ ಗುರಿಯಿಟ್ಟರೆ ಪೆಟ್ಟಿಗೆಯೊಳಗೆ ಒಂದು ಹಾಳು ಬಂಗಲೆ! ಕಂಪ್ಯೂಟರಿಲ್ಲ, ಟಿ.ವಿ. ಪರದೆಯಿಲ್ಲ, ಮೋಟಾರು, ರಿಲೇ, ಕನ್ನಡಿ, ಬೊಂಬೆಗಳು ಅಷ್ಟೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣ ತಗುಲಿದೊಡನೆ ಬೊಂಬೆಗೆ ಬಳಿದ ಬಣ್ಣ ಹೊಳೆದು, ಕತ್ತಲಲ್ಲಿ ದೆವ್ವ ಎದ್ದು ನಿಲ್ಲುತ್ತದೆ. ಹೆದರಿಸುವ ಸದ್ದು ಟೇಪಿನದು.

ಈಗ ಸಂಗ್ರಾಹಕರು ಇದನ್ನು ಹುಡುಕಿಕೊಂಡು ಹೋಗುತ್ತಾರೆ. ಹೊರಗಿನ ಅಂದವೊಂದೇ ಸಾಲದು. ಒಳಗಿನ ಬಣ್ಣ ಮಾಸಿ, ಟೇಪು ಸವೆದಿದ್ದರೆ ದೆವ್ವವೂ ಮಂಕು, ಬಂಗಲೆಯೂ ಮೂಕ. ಹೊಸದಾಗಿ ಬಳಿದರೆ ಹೊಳಪೇನೋ ಬಂದೀತು, ಅಸಲಿತನ ಹೋಯಿತು. ಬಿಡಿಭಾಗಕ್ಕಾಗಿ ಇನ್ನೊಂದು ಯಂತ್ರವನ್ನೇ ಬಿಚ್ಚಿಹಾಕುವವರೂ ಉಂಟು.