ಕಳಚಿಟ್ಟ ನಿಲುವಂಗಿ

ವೆರಿಯರ್ ಎಲ್ವಿನ್ನರ ಆತ್ಮಕಥೆಯನ್ನು ಓದಿ ಮುಗಿಸಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. 1927ರಲ್ಲಿ ಪಾದ್ರಿಯಾಗಿ ಪುಣೆಗೆ ಬಂದ ಈ ಆಂಗ್ಲರು 1932ರಲ್ಲಿ ಗೊಂಡರ ಹಳ್ಳಿಯೊಂದರಲ್ಲಿ ನೆಲಸಿದರು. ಗೊಂಡರಿಗೆ ಮತಬೋಧನೆ ಮಾಡಲೊಲ್ಲದೆ 1935ರಲ್ಲಿ ಚರ್ಚನ್ನೇ ತೊರೆದರು. ಮುಂದೆ ಒಡಿಶಾದ ಸವರರ ನಡುವೆ ಕುಳಿತು, ಸತ್ತವರು ಯಾರ ಮೈಮೇಲೆ ಬಂದು ಮಾತನಾಡುವರೋ ಆ ಪೂಜಾರಿಣಿಯರ ನುಡಿಗೆ ಕಿವಿಗೊಟ್ಟರು. 1955ರಲ್ಲಿ ಅದನ್ನು ಗ್ರಂಥವಾಗಿಸಿದರು. ತಾವು ಪೂಜಾರಿಯಾಗಲಿಲ್ಲ, ಬೋಧಿಸುವುದನ್ನು ಬಿಟ್ಟು ಕೇಳುವುದನ್ನು ಕಲಿತರು.

ನನ್ನ ಅಜ್ಜಿಯ ಮೈಮೇಲೂ ಅಮ್ಮ ಬರುತ್ತಿದ್ದಳು. ಎಂ.ಎ. ಮುಗಿಸಿ ಊರಿಗೆ ಹೋದ ವರ್ಷ, ಜೊತೆಗಿದ್ದ ಗೆಳೆಯರೆದುರು ನಾಚಿ, ಅರ್ಧದಲ್ಲೇ ಎದ್ದು ಹೊರಗೆ ಬಂದಿದ್ದೆ. ಅಜ್ಜಿ ನನ್ನ ಹೆಸರನ್ನು ಕೂಗಿದ್ದು ಅಂಗಳಕ್ಕೂ ಕೇಳಿಸಿತ್ತು. ತಿರುಗಿ ನೋಡಲಿಲ್ಲ. ಇಂದು ಕೇಳೋಣವೆಂದರೆ ನುಡಿಯುವವಳಿಲ್ಲ.